ಮಗಳನ್ನು ತವರಿಗೆ ಕಳಿಸಿಬಿಡಲೇ?

ಡಾಕ್ಟರಮ್ಮ, ನಾನು ಶಿರಸಿ ಹತ್ತಿರದ ಹಳ್ಳಿಯವಳು, ಮದುವೆಯಾಗಿ ಕಾರಟಗಿಗೆ ಬಂದು ಒಂಬತ್ತು ವರ್ಷವಾಯಿತು. ಮಗಳಿಗೆ ಏಳು ವರ್ಷ. ದೀಪಾವಳಿ ಮುಗಿಯಿತೆಂದರೆ ಅವಳಿಗೆ ಕೆಮ್ಮು ಶುರು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾಳೆ, ಎದೆಯೊಳಗೆ ಸುಂಯ್ ಸುಂಯ್ ಅನ್ನುವ ಸದ್ದು. ಶಿವರಾತ್ರಿವರೆಗೆ ಇದೇ ಗೋಳು. ಮಳೆಗಾಲದಲ್ಲಿ ಆರಾಮಾಗಿರುತ್ತಾಳೆ. ಡಾಕ್ಟರು ಉಬ್ಬಸ ಎಂದು ಹೇಳಿ ದಿನಾ ಎರಡು ಹೊತ್ತು ಇನ್‌ಹೇಲರ್ ಬರೆದುಕೊಟ್ಟರು. ‘ಅದು ಚಟ ಆಗಿಬಿಡ್ತದ, ನಾಳೆ ಹುಡುಗಿ ಮದುವೆ ಹೆಂಗ ಮಾಡೋದು’ ಎಂದರು ಅತ್ತೆ. ಹೆದರಿ ಹದಿನೈದು ದಿನಕ್ಕೆ ನಿಲ್ಲಿಸಿದೆ.

ನಮ್ಮ ಮನೆ ಊರ ಅಂಚಿನಲ್ಲಿದೆ. ಹಿಂದೆ ಗದ್ದೆ, ಮುಂದೆ ಸ್ವಲ್ಪ ದೂರದಲ್ಲಿ ರೈಸ್ ಮಿಲ್ಲು. ಮಾಳಿಗೆ ಮೇಲೆ ಬಟ್ಟೆ ಒಣಹಾಕಿದರೆ ಕರಿ ಬೂದಿ ಬಂದು ಕೂರುತ್ತದೆ. ನೆಲ್ಲು ಕಟಾವಾದ ಮೇಲೆ ಎಲ್ಲರೂ ಗದ್ದೆಗೆ ಬೆಂಕಿ ಹಚ್ಚುತ್ತಾರೆ. ಹೇಳಲು ಸಂಕೋಚ, ನಮ್ಮ ಮಾವನವರೂ ಹಚ್ಚುತ್ತಾರೆ. ಹೋದ ವರ್ಷ ಆ ರಾತ್ರಿಯೇ ಮಗಳನ್ನು ಎತ್ತಿಕೊಂಡು ಗಂಗಾವತಿಗೆ ಓಡಿದೆವು, ನೆಬ್ಯುಲೈಸರ್ ಇಟ್ಟರು. ಫೋನಿನಲ್ಲಿ ಒಂದು ಆ್ಯಪ್ ನಮ್ಮೂರ ಗಾಳಿ 149, ಕೆಟ್ಟದ್ದು ಎನ್ನುತ್ತದೆ. ಇನ್ನೊಂದು ಅದೇ ಹೊತ್ತಿಗೆ 92, ಪರವಾಗಿಲ್ಲ ಎನ್ನುತ್ತದೆ. ಯಾವುದನ್ನು ನಂಬಲಿ? ಮಗಳನ್ನು ತವರಿನಲ್ಲೇ ಶಾಲೆಗೆ ಸೇರಿಸಿಬಿಡೋಣ ಎನಿಸುತ್ತಿದೆ. ಯಜಮಾನರು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಮಾವನವರಿಗೆ ಹೇಳುವ ಧೈರ್ಯ ನನಗಿಲ್ಲ.

ಹೆಸರು ಬೇಡ, ಕಾರಟಗಿ

* * *

ನಿಮ್ಮ ಪತ್ರದ ತುಂಬ ಹೊಗೆಯ ಮಾತಿದೆ, ಔಷಧಿಯ ಮಾತು ಎರಡೇ ಸಾಲು. ನಾನು ಆ ಎರಡು ಸಾಲಿನಿಂದಲೇ ಶುರು ಮಾಡುತ್ತೇನೆ ತಂಗಿ. ನಿಮ್ಮ ಕಡೆ ಇಷ್ಟರಲ್ಲೇ ಕಟಾವು ಶುರುವಾಗುತ್ತದೆ, ಊರಿನ ಹೊಗೆಯನ್ನು ಅಷ್ಟರೊಳಗೆ ಯಾರಿಂದಲೂ ನಿಲ್ಲಿಸಲಾಗದು. ಮಗುವಿನ ಶ್ವಾಸನಾಳವನ್ನು ಆ ಹೊಗೆಗೆ ಸಜ್ಜು ಮಾಡುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಉಬ್ಬಸ ಇರುವ ಮಕ್ಕಳ ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಆಟವಾಡುವಾಗ, ನಗುವಾಗ ಅದು ಗೊತ್ತೇ ಆಗುವುದಿಲ್ಲ. ಅಂಥ ನಾಳಕ್ಕೆ ಹೊಗೆ ತಾಗಿದರೆ ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಇಕ್ಕಟ್ಟಾಗುತ್ತದೆ. ನಿಮಗೆ ಕೇಳುವ ಸುಂಯ್ ಸದ್ದು ಆ ಇಕ್ಕಟ್ಟಿನಲ್ಲಿ ಗಾಳಿ ನುಸುಳುವ ಸದ್ದು. ದಿನಾ ಎರಡು ಹೊತ್ತಿನ ಇನ್‌ಹೇಲರ್ ಇರುವುದು ಊತ ಇಳಿಸುವುದಕ್ಕೆ. ಅದರ ಪೂರ್ತಿ ಗುಣ ಕಾಣಲು ವಾರಗಳೇ ಬೇಕು, ಹದಿನೈದು ದಿನದಲ್ಲಿ ಅದು ಕೆಲಸ ಶುರು ಮಾಡಿರುತ್ತದೆ ಅಷ್ಟೆ. ಉಸಿರು ಕಟ್ಟಿದಾಗ ಕೂಡಲೇ ನಾಳ ಸಡಿಲಿಸುವ ಇನ್‌ಹೇಲರ್ ಬೇರೆ. ಎರಡನ್ನೂ ಒಂದೇ ಎಂದುಕೊಂಡು, ‘ಈಗ ಆರಾಮಿದ್ದಾಳಲ್ಲ’ ಎಂದು ಮೊದಲನೆಯದನ್ನು ಬಿಟ್ಟ ಎಷ್ಟೋ ಮನೆಗಳನ್ನು ನಾನು ನೋಡಿದ್ದೇನೆ.

ಇದರಿಂದ ಚಟ ಹತ್ತುವುದಿಲ್ಲ. ಇನ್‌ಹೇಲರಿನ ಒಂದು ಒತ್ತಿನಲ್ಲಿ ಬರುವ ಊತ ಇಳಿಸುವ ಔಷಧಿ, ಅಂದರೆ ಸ್ಟೀರಾಯ್ಡ್, ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ. ಉಸಿರು ಕಟ್ಟಿದ ರಾತ್ರಿ 20 ಕಿಲೋ ತೂಕದ ಮಗುವಿಗೆ ಬಾಯಿಯಿಂದ ಕೊಡುವ ಸ್ಟೀರಾಯ್ಡ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಇನ್ನೂ ಹೆಚ್ಚು, ಅಂದರೆ 20,000 ಮೈಕ್ರೋಗ್ರಾಂ. ಎರಡೂ ಬೇರೆ ಔಷಧಿ, ಶಕ್ತಿಯೂ ಬೇರೆ ಎಂಬುದು ನಿಜ. ಆದರೂ ಚಿಟಿಕೆಗೆ ಹೆದರಿದವರು ಬೊಗಸೆ ಕೊಡುವ ಸ್ಥಿತಿಗೆ ಬರುತ್ತಾರೆ. ವರ್ಷಗಟ್ಟಲೆ ಇನ್‌ಹೇಲರ್ ಬಳಸಿದ ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ತೂಗಿ ನೋಡಿ, ರಾತ್ರಿಯಿಡೀ ನಿದ್ದೆಗೆಟ್ಟು ಕೂರುವ ಮಗುವಿನ ಬೆಳವಣಿಗೆಯೂ ಕುಂಠಿತವಾಗಬಹುದು.

ಇನ್‌ಹೇಲರನ್ನು ನೇರ ಬಾಯಿಗೆ ಹಿಡಿಯಬೇಡಿ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ತಂದ ದಿನ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಸೆಳೆತ ಬಂದು ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ. ಇನ್‌ಹೇಲರ್ ಚೆನ್ನಾಗಿ ಕುಲುಕಿ ಒಂದು ಸಲ ಒತ್ತಿ, ಮಗು ನಿಧಾನಕ್ಕೆ ಐದಾರು ಉಸಿರು ಎಳೆಯಲಿ. ಎರಡನೇ ಒತ್ತು ಇದ್ದರೆ ಅರ್ಧ ನಿಮಿಷ ಬಿಟ್ಟು. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಲಿ. ನಾನು ನಿಮ್ಮ ಮಗಳನ್ನು ಪರೀಕ್ಷೆ ಮಾಡಿಲ್ಲ, ಎಷ್ಟು ಒತ್ತು, ಎಷ್ಟು ತಿಂಗಳು ಎಂಬುದನ್ನು ಹೇಳಬೇಕಾದವರು ಅವಳನ್ನು ನೋಡಿದ ವೈದ್ಯರು. ಈ ವಾರವೇ ಹೋಗಿ, ನಿಲ್ಲಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಮಾತಿನಲ್ಲಿ ಇರುವುದು ಮೊಮ್ಮಗಳ ಮೇಲಿನ ಅಕ್ಕರೆ. ಆ ಅಕ್ಕರೆಗೆ ಡಾಕ್ಟರ ಬಾಯಿಂದಲೇ ಉತ್ತರ ಸಿಗಲಿ, ಸೊಸೆಯ ಬಾಯಿಂದ ಬೇಡ.

ಒಂದು ಎಚ್ಚರಿಕೆ. ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುತ್ತಿದ್ದರೆ, ಒಂದು ಮಾತು ಪೂರ್ತಿ ಆಡಲಾರದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಡಾಕ್ಟರು ಹೇಳಿದಂತೆ ಬೇಗ ಸಡಿಲಿಸುವ ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಓಮಿನ ಹಬೆ ಕೊಟ್ಟು ನೋಡೋಣ ಎಂದು ಕಾಯಬೇಡಿ. ಹಬೆಯಿಂದ ಉಬ್ಬಸ ಇಳಿಯುವುದಿಲ್ಲ, ಕುದಿಯುವ ನೀರಿನ ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳನ್ನು ನಾನೇ ನೋಡಿಕೊಂಡಿದ್ದೇನೆ.

ಇನ್ನು ಗಾಳಿಯ ಮಾತು. ದೀಪಾವಳಿಯಿಂದ ಶಿವರಾತ್ರಿವರೆಗೇ ಯಾಕೆ?

ಕೆಲವು ವರ್ಷದ ಹಿಂದೆ ಡಿಸೆಂಬರಿನ ಒಂದು ಸಂಜೆ ನಿಮ್ಮ ಕಡೆಯ ಎಡದಂಡೆ ಕಾಲುವೆಯ ಏರಿ ಮೇಲೆ ನಿಂತಿದ್ದೆ. ದೂರದ ಗದ್ದೆಯೊಂದಕ್ಕೆ ಆಗಷ್ಟೇ ಬೆಂಕಿ ಇಟ್ಟಿದ್ದರು. ಹೊಗೆ ನೆಟ್ಟಗೆ ಮೇಲೆದ್ದಿತು, ಹುಣಸೆಮರದ ನೆತ್ತಿಯಷ್ಟು ಎತ್ತರಕ್ಕೆ ಹೋಯಿತು, ಅಲ್ಲಿಂದ ಮೇಲೆ ಹೋಗಲೊಲ್ಲದೆ ಅಡ್ಡಡ್ಡ ಹರಡಿ ಊರಿನ ಮೇಲೆ ಹಚ್ಚಡದಂತೆ ಮಲಗಿತು. ಬೇಸಿಗೆಯ ಮಧ್ಯಾಹ್ನ ಅದೇ ಹೊಗೆ ನೋಡುನೋಡುತ್ತಲೇ ಆಕಾಶಕ್ಕೆ ಚೆದರಿಹೋಗುತ್ತದೆ. ಚಳಿಗಾಲದಲ್ಲಿ ಸೂರ್ಯ ಮುಳುಗಿದೊಡನೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಅಂಟಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಭಾರದ ಗಾಳಿ ಮೇಲೇಳುವುದಿಲ್ಲ. ಹುಲ್ಲಿನ ಹೊಗೆ, ಮಿಲ್ಲಿನ ಹೊಗೆ, ಒಲೆ, ಕಸದ ಗುಡ್ಡೆ, ಟ್ರ್ಯಾಕ್ಟರ್ ಎಬ್ಬಿಸಿದ ಧೂಳು, ಎಲ್ಲವೂ ಆ ಹಚ್ಚಡದ ಕೆಳಗೆ ಸಿಕ್ಕಿಕೊಳ್ಳುತ್ತವೆ. ಬಿಸಿಲೇರಿ ನೆಲ ಕಾಯುವವರೆಗೆ ಬಿಡುಗಡೆಯಿಲ್ಲ. ಮುಂಗಾರಿನಲ್ಲಿ ಮಳೆ ಗಾಳಿಯನ್ನು ತೊಳೆಯುತ್ತದೆ, ಪಡುವಣ ಗಾಳಿ ಜೋರಾಗಿ ಬೀಸುತ್ತದೆ, ಗದ್ದೆಯಲ್ಲಿ ನೀರು ನಿಂತಿರುತ್ತದೆ. ನಿಮ್ಮ ಮಗಳು ಮಳೆಗಾಲದಲ್ಲಿ ಆರಾಮಾಗಿರುವುದಕ್ಕೆ ಇವೂ ಕಾರಣ.

ಹಾಗಾಗಿ ಈ ನಾಲ್ಕು ತಿಂಗಳು ಗಡಿಯಾರ ನೋಡಿ ನಡೆಯಿರಿ. ಸಂಜೆ ಆರರಿಂದ ಬೆಳಗಿನ ಒಂಬತ್ತರವರೆಗೆ ಗದ್ದೆ ಕಡೆಯ ಕಿಟಕಿ ಮುಚ್ಚಿರಲಿ. ಮಧ್ಯಾಹ್ನ ಮನೆಯ ಬಾಗಿಲು ಕಿಟಕಿ ಎಲ್ಲ ತೆರೆದಿಡಿ. ಹೊರಗಿನ ಆಟ ಮೂರರಿಂದ ಐದೂವರೆಯೊಳಗೆ. ಆಟವನ್ನೇ ಬಿಡಿಸಬೇಡಿ, ಓಡಿ ಆಡುವುದರಿಂದ ಎದೆ ಗಟ್ಟಿಯಾಗುತ್ತದೆ. ಬಟ್ಟೆಯ ಮಾಸ್ಕ್ ಹೊಗೆಗೆ ಪ್ರಯೋಜನವಿಲ್ಲ. ಎನ್95 ತಡೆಯುತ್ತದೆ, ಆದರೆ ಸಣ್ಣ ಮುಖಕ್ಕೆ ಅದು ಸಂದಿಲ್ಲದೆ ಕೂರುವುದು ಕಷ್ಟ. ಅದನ್ನು ನಂಬಿ ಮಗುವನ್ನು ಹೊಗೆಯಲ್ಲಿ ಕರೆದೊಯ್ಯಬೇಡಿ.

ನಿಮ್ಮ ಎರಡು ಆ್ಯಪ್‌ಗಳಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ. ಒಂದೇ ಗಾಳಿಯನ್ನು ಎರಡು ಬೇರೆ ಪಡಿಯಲ್ಲಿ ಅಳೆಯುತ್ತಿವೆ. ಕೂದಲಿಗಿಂತ ಇಪ್ಪತ್ತು ಮೂವತ್ತು ಪಟ್ಟು ಸಣ್ಣದಾದ ಪಿಎಂ 2.5 ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ 55 ಮೈಕ್ರೋಗ್ರಾಂ ಇವೆ ಎಂದುಕೊಳ್ಳಿ. ಅಮೆರಿಕದ ಸೂಚ್ಯಂಕದಲ್ಲಿ ಅದು 149, ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚ್ಯಂಕದಲ್ಲಿ 92. ನಮ್ಮ ದೇಶದಲ್ಲಿ ಒಂದು ದಿನದ ಸರಾಸರಿಗೆ ಇಟ್ಟ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಆರೋಗ್ಯವಂತರಿಗೆ ‘ಪರವಾಗಿಲ್ಲ’ ಎನಿಸುವ ಗಾಳಿ ಉಬ್ಬಸದ ಮಗುವಿಗೆ ಸಾಕಷ್ಟು ತೊಂದರೆ ಕೊಡಬಲ್ಲದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಳೆಯುವ ಯಂತ್ರ ದೂರದಲ್ಲಿದ್ದರೆ ಆ್ಯಪ್ ಉಪಗ್ರಹದ ಚಿತ್ರ, ಗಾಳಿಯ ದಿಕ್ಕು ಸೇರಿಸಿ ಅಂದಾಜು ಕಟ್ಟುತ್ತದೆ. ನಿಮ್ಮ ಹಿತ್ತಲ ಗದ್ದೆಗೆ ಸಂಜೆ ಬೆಂಕಿ ಬಿತ್ತು ಎಂಬುದು ಅದಕ್ಕೆ ಹೇಗೆ ತಿಳಿಯಬೇಕು?

ಅದರ ಬದಲು ಅಡುಗೆಮನೆಯ ಗೋಡೆ ಕ್ಯಾಲೆಂಡರಿನ ಪಕ್ಕ ಒಂದು ಕೆಂಪು ಪೆನ್ನು ತೂಗಿಹಾಕಿ. ರಾತ್ರಿ ಕೆಮ್ಮಿ ಎದ್ದ ದಿನಕ್ಕೆ ಒಂದು ಚುಕ್ಕೆ, ಬೇಗ ಸಡಿಲಿಸುವ ಇನ್‌ಹೇಲರ್ ಬೇಕಾದ ದಿನಕ್ಕೆ ಒಂದು ಗೆರೆ. ಏನು ಉರಿದಿತ್ತು ಎಂಬುದನ್ನು ಒಂದೇ ಪದದಲ್ಲಿ ಬರೆಯಿರಿ: ಹುಲ್ಲು, ಕಸ, ಪಟಾಕಿ, ಒಲೆ.

ಒಲೆ ಎಂದೆ. ನೀವು ಪತ್ರದಲ್ಲಿ ಬರೆಯದ ಒಂದನ್ನು ಕೇಳುತ್ತೇನೆ. ಚಳಿಗಾಲದಲ್ಲಿ ನಿಮ್ಮ ಮನೆಯ ಸ್ನಾನದ ನೀರು ಎಲ್ಲಿ ಕಾಯುತ್ತದೆ? ನಿಮ್ಮ ಕಡೆಯ ಹತ್ತು ಮನೆ ಹೊಕ್ಕರೆ ಆರೇಳು ಮನೆಯಲ್ಲಿ ನಾನು ಕಂಡದ್ದು ಬಚ್ಚಲ ಒಲೆ, ಅದರ ಮೇಲೆ ಹಂಡೆ, ಕೆಳಗೆ ಬಳ್ಳಾರಿ ಜಾಲಿಯ ಹಸಿ ಕಟ್ಟಿಗೆ. ಹಸಿ ಕಟ್ಟಿಗೆ ಹತ್ತಿಕೊಳ್ಳಲೊಲ್ಲದು, ಅದಕ್ಕೆ ಹಾಲಿನ ಖಾಲಿ ಪಾಕೀಟು, ಚಿಪ್ಸಿನ ಪೊಟ್ಟಣ. ಅತ್ತೆ ಐದೂವರೆಗೇ ಎದ್ದು ಒಲೆ ಹಚ್ಚಿರುತ್ತಾರೆ, ಗಾಳಿ ಅತ್ಯಂತ ಭಾರವಾಗಿರುವ ಹೊತ್ತದು. ಚಳಿ ಎಂದು ಮಗು ಎದ್ದೊಡನೆ ಅಜ್ಜಿಯ ಪಕ್ಕ ಹೋಗಿ ಕುಕ್ಕರಗಾಲಿನಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತದೆ. ಅರ್ಧ ಗಂಟೆ ಒಲೆಯ ಬಾಯಿ ಮುಂದೆಯೇ. ಇದು ನಿಮ್ಮ ಮನೆಯ ಚಿತ್ರವಲ್ಲದಿದ್ದರೆ ಸಂತೋಷ.

ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲೇ ಗುಜರಾತಿನ ಹಳ್ಳಿಗಳಲ್ಲಿ ಅಡುಗೆಮನೆಯ ಹೊಗೆ ಅಳೆದವರು. ಮನೆಯೊಳಗೆ ಎದ್ದ ಹೊಗೆಯ ಒಂದು ಕಣ ಯಾರದಾದರೂ ಶ್ವಾಸಕೋಶ ಸೇರುವ ಸಾಧ್ಯತೆ ಹೊರಗೆ ಎದ್ದ ಕಣಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಎಂದು ಅವರು ಲೆಕ್ಕ ಹಾಕಿ ಹೇಳುತ್ತಿದ್ದರು. ಮಿಲ್ಲಿನ ಚಿಮಣಿ ದೊಡ್ಡದಾಗಿ ಕಾಣುತ್ತದೆ, ಬಚ್ಚಲ ಒಲೆ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಮಗಳಿಗೆ ಯಾವುದು ಹೆಚ್ಚು ಹತ್ತಿರ ಎಂಬುದನ್ನು ಮೊದಲು ನೋಡಬೇಕು.

ಸೋಲಾರ್ ಹಾಕಿಸಲು ಅನುಕೂಲವಿದ್ದರೆ ಹಾಕಿಸಿ, ನಿಮ್ಮೂರಲ್ಲಿ ಬಿಸಿಲಿಗೆ ಬರವಿಲ್ಲ. ಇಲ್ಲದಿದ್ದರೆ ಈ ನಾಲ್ಕು ತಿಂಗಳ ಮಟ್ಟಿಗೆ ಮಗುವಿನ ಸ್ನಾನದ ನೀರನ್ನಾದರೂ ಗ್ಯಾಸಿನ ಮೇಲೆ ಕಾಯಿಸಿ, ಸ್ನಾನ ಸಂಜೆ ನಾಲ್ಕಕ್ಕಿರಲಿ. ಗ್ಯಾಸ್ ಗೀಸರ್ ತಂದರೆ ಮುಚ್ಚಿದ ಬಚ್ಚಲಮನೆಯೊಳಗೆ ಮಾತ್ರ ಕೂರಿಸಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಪ್ರಾಣ ಬಿಟ್ಟಿದ್ದಾರೆ. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ, ಪರದೆ ಕಟ್ಟಿ. ಒಂದು ಬತ್ತಿ ಪೂರ್ತಿ ಉರಿದರೆ ಹೊಮ್ಮುವ ಸಣ್ಣ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಲೋಬಾನ, ಧೂಪವೂ ದೇವರಕೋಣೆಯಲ್ಲೇ ಮುಗಿಯಲಿ.

ಮಿಲ್ಲಿನ ಬೂದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೂರು ಕಿಲೋ ಭತ್ತಕ್ಕೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು, ಅದನ್ನು ಬಾಯ್ಲರಿನಲ್ಲಿ ಉರಿಸಿದರೆ ನಾಲ್ಕು ಕಿಲೋ ಬೂದಿ. ಬಟ್ಟೆ ಮೇಲೆ ಕೂರುವ ಕರಿ ಚೂರು ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ, ಮೂಗು ಗಂಟಲಲ್ಲೇ ನಿಲ್ಲುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಆದರೆ ಅಷ್ಟು ಬೂದಿ ಹಾರಿಬರುತ್ತಿದೆ ಎಂದರೆ ಅದನ್ನು ಹಿಡಿದಿಡುವ ಸಾಧನ ಸರಿಯಿಲ್ಲ ಎಂದರ್ಥ, ಅದರ ಜೊತೆ ಕಣ್ಣಿಗೆ ಕಾಣದ ಹೊಗೆಯೂ ಬರುತ್ತಿರುತ್ತದೆ. ಮಿಲ್ಲು ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಓಣಿಯ ಐದಾರು ಮನೆಯವರು ಒಟ್ಟಾಗಿ, ತಾರೀಖು ಹಾಕಿದ ಫೋಟೋ ಇಟ್ಟು ಮಂಡಳಿಗೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ. ಬೀದಿಯಲ್ಲಿ ಕಸಕ್ಕೆ ಬೆಂಕಿ ಹಚ್ಚಿದವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ, ಪುರಸಭೆಯವರಿಗೆ ಅದನ್ನು ನೆನಪಿಸಿ.

ಈಗ ಮಾವನವರ ಮಾತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವು ಕಂಡದ್ದು ಇಲ್ಲಿ.

ಅವರು ಮೊಮ್ಮಗಳಿಗೆ ಕೇಡು ಬಯಸಿ ಕಡ್ಡಿ ಗೀರುವವರಲ್ಲ. ಕುಡುಗೋಲಿನಲ್ಲಿ ಕೊಯ್ಯುತ್ತಿದ್ದ ಕಾಲದಲ್ಲಿ ಬುಡದವರೆಗೂ ಕೊಯ್ದು ಹುಲ್ಲನ್ನೆಲ್ಲ ಮನೆಗೆ ತಂದು ಬಣವೆ ಒಟ್ಟುತ್ತಿದ್ದರು, ಎತ್ತು ಎಮ್ಮೆ ವರ್ಷವಿಡೀ ತಿನ್ನುತ್ತಿದ್ದವು. ಈಗ ಕಟಾವಿನ ಮಷಿನ್ ಬಂದು ಮೊಣಕಾಲೆತ್ತರ ಕೂಳೆ ಬಿಟ್ಟು, ಹುಲ್ಲನ್ನು ಸಾಲು ಸಾಲಾಗಿ ಚೆಲ್ಲಿ ಹೋಗುತ್ತದೆ. ಎತ್ತು ಮನೆಯಲ್ಲಿಲ್ಲ, ಆಳು ಸಿಗುವುದಿಲ್ಲ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡುವುದರೊಳಗೆ ಗದ್ದೆ ತೆರವಾಗಬೇಕು. ಒಂದು ಬೆಂಕಿಪೊಟ್ಟಣದಿಂದ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಬೇರೆ ದಾರಿ ತೋರಿಸದೆ ‘ಹಚ್ಚಬೇಡಿ’ ಎಂದರೆ ಯಾವ ರೈತ ಕೇಳುತ್ತಾನೆ?

ದಾರಿ ಇದೆ. ಹುಲ್ಲನ್ನು ಸುತ್ತಿ ಪೆಂಡಿ ಕಟ್ಟುವ ಮಷಿನ್ ಬಾಡಿಗೆಗೆ ಸಿಗುತ್ತದೆ, ಆದರೆ ಸುಗ್ಗಿಯಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗುವುದರಿಂದ ಕಟಾವಿಗೆ ಮೊದಲೇ ಹೇಳಿಡಬೇಕು. ನಿಮ್ಮ ಜಿಲ್ಲೆಯಲ್ಲೇ ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ತಾಲೂಕುಗಳು, ಬೇಸಿಗೆಯಲ್ಲಿ ಅಲ್ಲಿ ಮೇವಿಗೆ ಪರದಾಟ, ಪೆಂಡಿಗಳನ್ನು ಅಲ್ಲಿಯವರಿಗೆ ಮಾರಬಹುದು. ಪೆಂಡಿ ಕಟ್ಟುವುದು ಆಗದಿದ್ದರೆ ರೋಟವೇಟರ್ ಹೊಡೆಸಿ, ನೀರು ನಿಲ್ಲಿಸಿ, ನಾಟಿಗೆ ಎರಡು ಮೂರು ವಾರ ಮೊದಲೇ ಮಣ್ಣಿನಲ್ಲಿ ಕೊಳೆಯಲು ಬಿಡಬಹುದು. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಐದೂವರೆ ಕಿಲೋದಷ್ಟು ಸಾರಜನಕ, ಸುಮಾರು 400 ಕಿಲೋ ಇಂಗಾಲ ಹೊಗೆಯ ಪಾಲಾಗುತ್ತದೆ. ಆಮೇಲೆ ಯೂರಿಯಾ ಚೀಲಕ್ಕೆ ಸಾಲಿನಲ್ಲಿ ನಿಲ್ಲುವವರೂ ಹಾಗೆ ಸುಟ್ಟವರೇ. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಯಜಮಾನರು ಒಂದು ಬೆಳಿಗ್ಗೆ ಮಾವನವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿಬರಲಿ.

ಈ ಮಾತು ನಿಮ್ಮಿಂದ ಶುರುವಾಗುವುದು ಬೇಡ. ಯಜಮಾನರ ಮೌನವನ್ನು ನೀವು ನಿರ್ಲಕ್ಷ್ಯ ಎಂದುಕೊಂಡಂತಿದೆ. ಅಪ್ಪನ ಬೇಸಾಯದಲ್ಲಿ ತಾನು ಬಾಯಿ ಹಾಕುವುದು ಹೇಗೆ ಎಂಬ ಅಳುಕು ಅದು, ನನಗೆ ಹಾಗೆ ಕಾಣುತ್ತದೆ. ಅವರ ಕೈಗೆ ಕ್ಯಾಲೆಂಡರ್ ಕೊಡಿ. ಊಟವಾದ ಮೇಲೆ ಅಪ್ಪನ ಪಕ್ಕ ಕೂತು, ‘ಅಪ್ಪಾ, ಇವು ಪಾಪು ನಿದ್ದೆಗೆಟ್ಟ ರಾತ್ರಿಗಳು. ಈ ಸಲ ಮನಿ ಹಿಂದಿನ ಗದ್ದಿ ಒಂದಾದರೂ ಸುಡೋದು ಬ್ಯಾಡ. ಮಷಿನ್ ಬಾಡಗಿ ನಾ ಕೊಡ್ತೀನಿ’ ಎನ್ನಲಿ. ಇಡೀ ಹೊಲದ ಮಾತು ಬೇಡ, ಒಂದು ಗದ್ದೆಯ ಮಾತು ಸಾಕು. ಒಪ್ಪದಿದ್ದರೆ ಹಚ್ಚುವ ದಿನವನ್ನು ಮುಂಚೆಯೇ ತಿಳಿಸಲು ಕೇಳಿಕೊಳ್ಳಿ. ಆ ಎರಡು ರಾತ್ರಿ ನೀವೂ ಮಗಳೂ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ನೆಂಟರ ಮನೆಯಲ್ಲಿರಿ. ಪಕ್ಕದ ಗದ್ದೆಯವರು ಹಚ್ಚುವುದು ನಿಲ್ಲುವುದಿಲ್ಲ, ಬಲ್ಲೆ. ಆದರೆ ನಿಮ್ಮ ಮಾವನಂಥ ಹಿರಿಯರು ಒಂದು ವರ್ಷ ಹುಲ್ಲು ಮಾರಿ ದುಡ್ಡು ಎಣಿಸಿದರೆ, ಪಕ್ಕದವರು ನನ್ನ ಅಂಕಣ ಓದುವುದಕ್ಕಿಂತ ಅದನ್ನು ನೋಡಿ ಬೇಗ ಕಲಿಯುತ್ತಾರೆ.

ತವರಿಗೆ ಕಳಿಸುವ ಯೋಚನೆ ಸದ್ಯಕ್ಕೆ ಬಿಡಿ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಿಮ್ಮ ತವರಿನ ಅಂಗಳ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ಅಡಿಕೆ ಕೊಯ್ಲು, ಸುಲಿಯುವವರ ಮಾತುಕತೆ, ಮನೆ ಪಕ್ಕದಲ್ಲೇ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯಿಸುವ ಒಲೆ. ಅದು ಉರಿಯುವುದೂ ಇದೇ ಚಳಿಯಲ್ಲಿ. ಮಳೆಗಾಲದಲ್ಲಿ ನಾಲ್ಕು ತಿಂಗಳು ಗೋಡೆಗೆ, ಕಂಬಳಿಗೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಉಬ್ಬಸದ ಮಕ್ಕಳಿಗೆ ಬೂಷ್ಟೂ ಆಗದು. ಇಲ್ಲಿ ಆರಾಮಾಗಿರುವ ಮಳೆಗಾಲವೇ ಅಲ್ಲಿ ಅವಳಿಗೆ ಕಷ್ಟದ ಕಾಲವಾಗಬಹುದು. ನಿಮ್ಮ ಬಾಲ್ಯದ ಗಾಳಿ ಚೆನ್ನಾಗಿತ್ತು ನಿಜ, ಆದರೆ ನಿಮ್ಮ ಎದೆಗೆ ಈ ಕಾಯಿಲೆ ಇರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಕೂತಾಗ ಪಕ್ಕದಲ್ಲಿ ಅಮ್ಮ ಇಲ್ಲದಿದ್ದರೆ ಏಳು ವರ್ಷದ ಮಗುವಿಗೆ ಉಸಿರಿನ ಜೊತೆ ಭಯವೂ ಕಟ್ಟಿಕೊಳ್ಳುತ್ತದೆ. ರಜೆಗೆ ಹೋಗಿಬನ್ನಿ, ಇನ್‌ಹೇಲರ್ ಎರಡನ್ನೂ ಚೀಲದಲ್ಲಿ ಇಟ್ಟುಕೊಂಡು. ಶಾಲೆಯ ಟೀಚರಿಗೂ ಒಂದು ಮಾತು ಹೇಳಿ, ಬೇಗ ಸಡಿಲಿಸುವುದೊಂದು ಅವಳ ಬ್ಯಾಗಿನಲ್ಲಿರಲಿ.

ಔಷಧಿ ನಿಲ್ಲಿಸಿದೆ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಹಿರಿಯರು ಹೆದರಿಸಿದಾಗ, ಡಾಕ್ಟರಿಗೆ ಎರಡು ನಿಮಿಷ ಬಿಡಿಸಿ ಹೇಳಲು ಪುರುಸೊತ್ತಿಲ್ಲದಾಗ, ಯಾವ ತಾಯಿಯೂ ಹಾಗೇ ಮಾಡುತ್ತಾಳೆ. ಈ ಸಲ ಕ್ಯಾಲೆಂಡರಿನ ಹಾಳೆಗಳನ್ನು ತಿಂಗಳು ಮುಗಿಯಿತೆಂದು ಹರಿದು ಎಸೆಯಬೇಡಿ. ಶಿವರಾತ್ರಿ ಕಳೆದ ಮೇಲೆ ನಾಲ್ಕೂ ಹಾಳೆಯ ಫೋಟೋ ತೆಗೆದು ನನಗೆ ಕಳಿಸಿ. ಯಾವ ಒಲೆ ಆರಿದಾಗ ಎಷ್ಟು ಚುಕ್ಕೆ ಕಡಿಮೆಯಾಯಿತು ಎಂದು ಇಬ್ಬರೂ ಕೂತು ನೋಡೋಣ.